ಟ್ರ್ಯಾಕ್ ಮೊದಲೋ, ಕುಣಿಯುವ ಮೈ ಮೊದಲೋ

ದಸರೆಗೆ ಮುಂಚೆ ಮೈಸೂರಿನ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ನಡೆಯುವ ಯುವ ಸಂಭ್ರಮ ತಾಲ್ಲೂಕು ಕಾಲೇಜುಗಳ ಹುಡುಗ ಹುಡುಗಿಯರಿಗೆ ದೊಡ್ಡ ವೇದಿಕೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತಂಡಗಳಿಗೆ ಅಲ್ಲಿ ಸಿಗುವುದು ಕೆಲವೇ ನಿಮಿಷ. ನಾಡು-ನುಡಿ, ಪರಿಸರ, ಸ್ವಾತಂತ್ರ್ಯ ಹೋರಾಟ, ಜಾನಪದ ಎಂಬಂಥ ಒಂದು ವಿಷಯ ಹಿಡಿದು ಅಷ್ಟರಲ್ಲೇ ಕುಣಿದು ಇಳಿಯಬೇಕು. ತಯಾರಿಯ ದಾರಿ ಬಹುಪಾಲು ಒಂದೇ. ವಿಷಯ ಗೊತ್ತಾದ ಕೂಡಲೇ ಅದಕ್ಕೆ ಒಪ್ಪುವ ಐದಾರು ಸಿನಿಮಾ ಹಾಡುಗಳ ಪಲ್ಲವಿ ಕತ್ತರಿಸಿ, ನಡುವೆ ಒಂದಿಷ್ಟು ಗುಡುಗು, ಒಂದಿಷ್ಟು ಡೈಲಾಗು ಸೇರಿಸಿದ ಟ್ರ್ಯಾಕ್ ಸಿದ್ಧವಾಗುತ್ತದೆ. ಡ್ಯಾನ್ಸ್ ಮಾಸ್ಟರ್ ಬಂದು ಆ ಟ್ರ್ಯಾಕಿಗೆ ಸ್ಟೆಪ್ ಹಾಕುತ್ತಾರೆ. ಮಕ್ಕಳನ್ನು ಆ ಸ್ಟೆಪ್ಪಿಗೆ ಹೊಂದಿಸುವುದು ಕಟ್ಟಕಡೆಯ ಕೆಲಸ. ಇಂಥ ಕುಣಿತ ಸಪ್ಪೆಯಾದಾಗ ಸಿನಿಮಾ ಹಾಡನ್ನು ಬೈಯುವುದು ರೂಢಿ. ನನ್ನ ತಕರಾರು ಹಾಡಿನ ಮೇಲಲ್ಲ, ಕೆಲಸ ಸಾಗುವ ಈ ಕ್ರಮದ ಮೇಲೆ. ಕುಣಿಯುವವರ ಮೈಗೆ ಏನು ಬರುತ್ತದೆ, ಎಷ್ಟು ವೇಗ ದಕ್ಕುತ್ತದೆ, ಉಸಿರಿಗೆ ಎಲ್ಲಿ ಬಿಡುವು ಬೇಕು ಎಂದು ನೋಡಿಕೊಂಡು, ಆಮೇಲೆ ಸಂಗೀತ ಆರಿಸಬೇಕು. ಈಗ ಆಗುತ್ತಿರುವುದು ಅಳತೆ ತೆಗೆಯದೆ ಅಂಗಿ ಹೊಲಿದು, ಮೈಯನ್ನು ಅದರೊಳಗೆ ತೂರಿಸುವ ಕೆಲಸ.

ಬೀಸು ಕಂಸಾಳೆಯನ್ನೇ ಹತ್ತಿರದಿಂದ ನೋಡಬಹುದು. ಜಾನಪದ ಎಂಬ ವಿಷಯ ಬಂದರೆ ಈ ಸೀಮೆಯ ತಂಡಗಳು ಮೊದಲು ಕೈಹಾಕುವುದೇ ಅದಕ್ಕೆ. ಎಡಗೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆ ತಾಳ. ದಾರದ ತಾಳ ಹೆಗಲ ಮೇಲಿಂದ, ಬೆನ್ನ ಹಿಂದಿನಿಂದ, ಎತ್ತಿದ ಕಾಲಿನ ಕೆಳಗಿನಿಂದ ಸುತ್ತಿ ಬಂದು ಪೆಟ್ಟು ಬೀಳಬೇಕಾದ ಗಳಿಗೆಗೆ ಸರಿಯಾಗಿ ಬಟ್ಟಲಿಗೆ ತಾಗುತ್ತದೆ. ಮಾದೇಶ್ವರನ ಭಕ್ತರಾದ ದೇವರಗುಡ್ಡರು ಕೂತು ಕಥೆ ಹಾಡುವಾಗ ತಾಳ ಹಿಡಿಯುವುದೂ ಇದೇ ಕಂಸಾಳೆ, ಎದ್ದು ಕುಣಿದಾಗ ಬೀಸುವುದೂ ಇದೇ. ಅಂದರೆ ಇಲ್ಲಿ ಕುಣಿಯುವವನೇ ವಾದ್ಯಗಾರ. ದಾರದ ಉದ್ದ, ತೋಳಿನ ಬೀಸು, ಕಂಚಿನ ತೂಕ ಮೂರೂ ಸೇರಿ ಒಂದು ಲಯವನ್ನು ಗೊತ್ತುಮಾಡಿಬಿಟ್ಟಿರುತ್ತವೆ. ಅದಕ್ಕಿಂತ ಬೇಗ ತಾಳ ತಿರುಗಿ ಬಾರದು. ಈ ಕುಣಿತವನ್ನು ತರಾತುರಿಯ ರಿಮಿಕ್ಸಿಗೆ ಕೂರಿಸಿದರೆ ಏನಾಗುತ್ತದೆ? ಬೀಸು ಕಿರಿದಾಗುತ್ತದೆ. ಬೆನ್ನ ಹಿಂದೆ ಹೋಗಬೇಕಾದ ತಾಳ ಎದೆಯ ಮುಂದೆಯೇ ಆಡಿಕೊಂಡಿರುತ್ತದೆ. ಸ್ಪೀಕರಿನಲ್ಲಿ ಮೊದಲೇ ರೆಕಾರ್ಡ್ ಆದ ಕಂಸಾಳೆಯ ಸದ್ದು, ಮಕ್ಕಳ ಕೈಯಲ್ಲಿ ಅದಕ್ಕೊಂದು ಕೂದಲೆಳೆ ಹಿಂದೆ ಬೀಳುವ ಇನ್ನೊಂದು ಸದ್ದು. ಈ ರಗಳೆಯೇ ಬೇಡವೆಂದು ತಾಳ ತಾಗದಂತೆ ಕುಣಿಸುವವರೂ ಇದ್ದಾರೆ. ಆಗ ಕಂಸಾಳೆ ವಾದ್ಯವಲ್ಲ, ಕೈಯಲ್ಲಿ ಹಿಡಿದ ಅಲಂಕಾರ.

ಹಾಗೆಂದು ಕಂಸಾಳೆಗೂ ಸಿನಿಮಾಕ್ಕೂ ಆಗಿಬರುವುದಿಲ್ಲ ಎನ್ನಲಾಗದು. 1996ರ ‘ಜನುಮದ ಜೋಡಿ’ಯಲ್ಲಿ ಟಿ.ಎಸ್. ನಾಗಾಭರಣ ಮತ್ತು ಸಂಗೀತ ನಿರ್ದೇಶಕ ವಿ. ಮನೋಹರ್ ‘ಕೋಲುಮಂಡೆ ಜಂಗಮದೇವ’ವನ್ನು ತಂದರು, ಎಲ್.ಎನ್. ಶಾಸ್ತ್ರಿ ಹಾಡಿದರು. ಆ ಹಾಡು ಇಂದಿಗೂ ಈ ಕಡೆಯ ಶಾಲಾ ವಾರ್ಷಿಕೋತ್ಸವಗಳನ್ನು ಬಿಟ್ಟುಹೋಗಿಲ್ಲ. ಅದು ಕುಣಿತಕ್ಕೆ ಒದಗುವುದಕ್ಕೆ ಕಾರಣ ಜನಪದ ಎಂಬ ಮುದ್ರೆಯಲ್ಲ. ಮುಮ್ಮೇಳದವನು ಒಂದು ಸೊಲ್ಲು ಹಾಡಿ ಉಳಿದವರು ಎತ್ತಿಕೊಳ್ಳುವ ಏರ್ಪಾಡು ಅದರೊಳಗೆ ಉಳಿದಿದೆ. ಆ ಎತ್ತಿಕೊಳ್ಳುವ ಜಾಗದಲ್ಲಿ ಮೈಗೆ ಬಿಡುವು ಸಿಗುತ್ತದೆ. ಅದೇ ಹಾಡಿನಿಂದ ಕೆಲವೇ ಸೆಕೆಂಡು ಕತ್ತರಿಸಿ ಮುಂದಿನ ಹಾಡಿಗೆ ಹಾರಿದರೆ ಹೋಗುವುದು ಸರಿಯಾಗಿ ಆ ಬಿಡುವೇ. ಕತ್ತರಿಸುವವನು ಪಲ್ಲವಿಯನ್ನು ಉಳಿಸಿಕೊಳ್ಳುತ್ತಾನೆ, ಏಕೆಂದರೆ ಜನ ಗುರುತು ಹಿಡಿಯುವುದು ಅದನ್ನು.

ಕತ್ತರಿಸುವುದೇ ತಪ್ಪೆನ್ನುವಂತೆಯೂ ಇಲ್ಲ. ಹಾಡು, ಸಂಯೋಜಕ, ಕುಣಿಯುವವರು ಈ ಮೂವರ ಹೊಂದಾಣಿಕೆಯ ಮೇಲೆ ಪದಕವೇ ನಿಂತಿರುವ ಕಲೆ ಹಿಮದ ಮೇಲಿನ ಫಿಗರ್ ಸ್ಕೇಟಿಂಗ್. 1984ರ ಸರಾಯೆವೊ ಒಲಿಂಪಿಕ್ಸಿನಲ್ಲಿ ಬ್ರಿಟನ್ನಿನ ಜೇನ್ ಟೊರ್ವಿಲ್ ಮತ್ತು ಕ್ರಿಸ್ಟೊಫರ್ ಡೀನ್ ಆರಿಸಿಕೊಂಡದ್ದು ರಾವೆಲ್‌ನ ‘ಬೊಲೆರೊ’, ಸುಮಾರು ಕಾಲು ಗಂಟೆಯ ಕೃತಿ. ಅದನ್ನು ಎಷ್ಟು ಇಳಿಸಿದರೂ 4 ನಿಮಿಷ 28 ಸೆಕೆಂಡಿಗಿಂತ ಕೆಳಗೆ ಬರಲಿಲ್ಲ. ನಿಯಮ ಒಪ್ಪುತ್ತಿದ್ದದ್ದು 4 ನಿಮಿಷ 10 ಸೆಕೆಂಡು. ಆಗಿನ ನಿಯಮದಂತೆ ಗಡಿಯಾರ ಓಡತೊಡಗುತ್ತಿದ್ದದ್ದು ಸ್ಕೇಟಿನ ಅಲಗು ಹಿಮಕ್ಕೆ ತಾಗಿದಾಗ. ಹಾಗಾಗಿ ಮೊದಲ 18 ಸೆಕೆಂಡು ಇಬ್ಬರೂ ಮಂಡಿಯೂರಿಕೊಂಡೇ ಮೈ ತೂಗಿದರು. ಕಲಾತ್ಮಕತೆಗೆ ಒಂಬತ್ತು ತೀರ್ಪುಗಾರರೂ 6.0 ಕೊಟ್ಟರು. ಮೆಚ್ಚಬೇಕಾದದ್ದು ಆ ಉಪಾಯದ ಜಾಣ್ಮೆಗಿಂತ, ಅದರ ಹಿಂದಿನ ಹಟ. ಆ ಸಂಗೀತ ಒಂದೇ ಲಯದಲ್ಲಿ ಮೆಲ್ಲಗೆ ಏರುವಂಥದ್ದು. ಏರಿಕೆ ಮುರಿದರೆ ತಮ್ಮ ಚಲನೆಯೂ ಮುರಿಯುತ್ತದೆಂದು ಅವರಿಗೆ ಗೊತ್ತಿತ್ತು. 18 ಸೆಕೆಂಡು ಕಿತ್ತೆಸೆಯುವ ಬದಲು ಆ 18 ಸೆಕೆಂಡಿಗೆ ಕುಣಿತವನ್ನೇ ಹೊಸದಾಗಿ ಕಂಡುಕೊಂಡರು. ನಾಲ್ಕು ವರ್ಷದ ನಂತರ ಕ್ಯಾಲ್ಗರಿಯಲ್ಲಿ ಇನ್ನೊಂದು ಪಾಠ ಕಾಣಿಸಿತು. ಪೂರ್ವ ಜರ್ಮನಿಯ ಕಾಟರಿನಾ ವಿಟ್, ಅಮೆರಿಕದ ಡೆಬಿ ಥಾಮಸ್ ಇಬ್ಬರೂ ಬಿಜೆಯ ‘ಕಾರ್ಮೆನ್’ ಸಂಗೀತವನ್ನೇ ಹಿಡಿದಿದ್ದರು. ವಿಟ್‌ಗೆ ಒಲಿದದ್ದು ಅಭಿನಯ. ಕಾರ್ಮೆನ್ ಆಗಿಯೇ ಆಡಿ ಕೊನೆಗೆ ಹಿಮದ ಮೇಲೆ ಸತ್ತುಬಿದ್ದಳು. ಥಾಮಸ್‌ಳ ಬಲ ನೆಗೆತ. ಆರಂಭದ ನೆಗೆತವೇ ಎಡವಿತು, ಆಮೇಲೆ ಅವಳು ಚೇತರಿಸಿಕೊಳ್ಳಲಿಲ್ಲ. ವಿಟ್‌ಗೆ ಚಿನ್ನ, ಥಾಮಸ್‌ಗೆ ಕಂಚು. ಸೋತದ್ದು ನೆಗೆತದಿಂದ, ಸಂಗೀತದಿಂದಲ್ಲ ಎನ್ನಬಹುದು, ಅದು ಸರಿಯೇ. ಆದರೆ ಕಾಲು ಕೈಕೊಟ್ಟ ಮೇಲೂ ಹಿಡಿದು ನಿಲ್ಲಿಸಬಲ್ಲ ಪಾತ್ರವೊಂದು ವಿಟ್‌ಳ ಕಾರ್ಮೆನ್‌ನಲ್ಲಿತ್ತು, ಥಾಮಸ್‌ಳದರಲ್ಲಿ ಇರಲಿಲ್ಲ. ‘ಈ ಹಾಡು ಚೆನ್ನಾಗಿದೆಯಾ’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲವೆಂದು ತೋರಿಸಲು ಇಷ್ಟು ಸಾಕು.

ಇದಕ್ಕೆ ಕ್ಯಾಲ್ಗರಿಯವರೆಗೆ ಹೋಗಬೇಕಾದ್ದೂ ಇರಲಿಲ್ಲ. ಮೈಸೂರು ಶೈಲಿಯ ಭರತನಾಟ್ಯದಲ್ಲಿ ಜಟ್ಟಿ ತಾಯಮ್ಮ, ಅವರ ಶಿಷ್ಯೆ ಕೆ. ವೆಂಕಟಲಕ್ಷಮ್ಮ ಹೆಸರಾದದ್ದು ಅಭಿನಯಕ್ಕೆ. ಅಭಿನಯದಲ್ಲಿ ಒಂದೇ ಸಾಲನ್ನು ಗಾಯಕರು ಮತ್ತೆ ಮತ್ತೆ ಹಾಡುತ್ತಾರೆ, ನರ್ತಕಿ ಪ್ರತಿ ಸಲವೂ ಬೇರೆ ಭಾವ ತರುತ್ತಾಳೆ. ಸಾಕೆನಿಸಿದಾಗ ಅವಳೇ ಸನ್ನೆ ಕೊಟ್ಟು ಮುಂದಕ್ಕೆ ಹೋಗುತ್ತಾಳೆ. ಎಷ್ಟು ಸಲ ಹಾಡಬೇಕೆಂದು ಗೊತ್ತುಮಾಡುವವಳು ಅವಳು. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ನೆಲೆನಿಂತ ಟಿಬೆಟನ್ನರ ಮಠಗಳಲ್ಲಿ ಭಿಕ್ಷುಗಳು ಮುಖವಾಡ ಧರಿಸಿ ಮಾಡುವ ಛಾಮ್ ಕುಣಿತಕ್ಕೂ ತಾಳ ಹಾಕುವವರು ಅಲ್ಲೇ, ಕುಣಿಯುವವರ ಜೊತೆಗೇ ಇರುತ್ತಾರೆ. ಇವೆಲ್ಲ ಶಾಸ್ತ್ರ, ಮಠ, ಹರಕೆಯ ಲೋಕ. ಕಾಲೇಜು ಸ್ಪರ್ಧೆಯೊಂದಿಗೆ ತೂಗಬಾರದು, ಒಪ್ಪೋಣ. ಆದರೂ ರೆಕಾರ್ಡ್ ಆದ ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ ಎಂಬುದು ಎಲ್ಲ ವೇದಿಕೆಗೂ ಒಂದೇ. ಕಾಯದ ಸಂಗೀತಕ್ಕೆ ಕುಣಿಸುವ ಸಂಯೋಜಕ, ಕಾಯುವಿಕೆಯನ್ನು ಟ್ರ್ಯಾಕಿನೊಳಗೇ ಮೊದಲು ಕಟ್ಟಿಕೊಳ್ಳಬೇಕು. ಕೆಲವು ಸಲ ಹಾಡನ್ನೇ ಬೇಡವೆನ್ನಬೇಕು. ಉದಾಹರಣೆಗೆ, ಕೆ.ಆರ್. ನಗರದ ಕಡೆ ಕಾವೇರಿ ದಡದ ಕಪ್ಪಡಿಯಲ್ಲಿ ಮಂಟೇಸ್ವಾಮಿ ಪರಂಪರೆಯ ರಾಚಪ್ಪಾಜಿಯ ಗದ್ದುಗೆಯಿದೆ. ಆ ಪರಂಪರೆಯ ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿಯ ಕಥೆ ಕೇಳಲಿಕ್ಕಿರುವುದು, ಮಾತಿನ ನಡೆಯಲ್ಲೇ ಅದರ ಓಟ. ಅದರಿಂದ ನಾಲ್ಕು ಸಾಲು ತೆಗೆದು ಕೆಳಗೆ ಡ್ರಮ್ಸ್ ಹಾಕಿ ಕುಣಿಸಿದರೆ ಕಥೆಯೂ ಇಲ್ಲ, ಕುಣಿತವೂ ಇಲ್ಲ.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಏಳುತ್ತದೆ. ಮೈಗೆ ಬರುವುದರಿಂದ ಹೊರಡಿ ಎಂದರೆ ಕೆ.ಆರ್. ನಗರದವನು ಕಂಸಾಳೆಯನ್ನೇ ಬೀಸಬೇಕೇ, ಎಚ್.ಡಿ. ಕೋಟೆ ಹಾಡಿಯ ಜೇನುಕುರುಬರ ಹುಡುಗಿ ಹಾಡಿಯ ಕುಣಿತವನ್ನೇ ಆಡಬೇಕೇ? ಅವಳಿಗೆ ಹಿಪ್‌ಹಾಪ್ ಬೇಕೆನಿಸಿದರೆ? ಬೇಕೆನಿಸಿದರೆ ಅದನ್ನೇ ಆಡಲಿ. ಮೈಗೆ ಬರುವುದು ಎಂದರೆ ಹುಟ್ಟಿನಿಂದ ಬಂದದ್ದಲ್ಲ, ದುಡಿದು ಮೈಗಿಳಿಸಿಕೊಂಡದ್ದು. ಹುಟ್ಟಿನ ಲೆಕ್ಕ ಹಿಡಿಯುತ್ತಿರುವುದು ನಿಜವಾಗಿ ಈಗಿನ ವೇದಿಕೆಯೇ. ‘ಆದಿವಾಸಿ ನೃತ್ಯ’ ಎಂದ ಕೂಡಲೇ ಸೊಂಟಕ್ಕೆ ಸೊಪ್ಪು, ಮೈಗೆ ಮಸಿ, ಕೈಗೊಂದು ಭರ್ಜಿ, ಬಾಯಲ್ಲಿ ಹೋ ಹೋ ಎಂಬ ಕೂಗು. ನಾಗರಹೊಳೆ ಕಾಡಿನಂಚಿನ ಹಾಡಿಗಳಲ್ಲಿ ಜೇನುಕುರುಬರಿಗೆ ಅವರದೇ ನುಡಿಯಿದೆ, ಅವರದೇ ಹಾಡುಗಳಿವೆ. ಆ ಟ್ರ್ಯಾಕುಗಳಲ್ಲಿ ಅವುಗಳ ಒಂದು ಸೊಲ್ಲೂ ಇರುವುದಿಲ್ಲ. ಈ ತಪ್ಪು ನಮ್ಮದೊಂದೇ ಅಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸಿನ ಐಸ್ ಡ್ಯಾನ್ಸ್ ಸ್ಪರ್ಧೆಯ ಒಂದು ಸುತ್ತಿಗೆ ಜಾನಪದವೇ ವಿಷಯವಾಗಿತ್ತು. ರಷ್ಯಾದ ಒಕ್ಸಾನಾ ದೊಮ್ನಿನಾ, ಮಕ್ಸಿಮ್ ಶಬಾಲಿನ್ ಆಸ್ಟ್ರೇಲಿಯದ ಮೂಲನಿವಾಸಿಗಳ ವೇಷ ತೊಟ್ಟರು: ಮೈಬಣ್ಣದ ಬಟ್ಟೆ, ಬಿಳಿ ಚಿತ್ತಾರ, ಎಲೆ. ಅಲ್ಲಿನ ಮೂಲನಿವಾಸಿ ಮುಖಂಡರೇ ಸಿಟ್ಟಿಗೆದ್ದರು. ಅದೇ ಸುತ್ತಿನಲ್ಲಿ ಅಮೆರಿಕದ ಮೆರಿಲ್ ಡೇವಿಸ್, ಚಾರ್ಲಿ ವೈಟ್ ಹಿಂದಿ ಸಿನಿಮಾ ಹಾಡುಗಳಿಗೆ ಕುಣಿದರು. ಅವರಿಗೂ ಅದು ಪರರದ್ದೇ. ಆದರೆ ಭಾರತೀಯ ನೃತ್ಯ ಬಲ್ಲವರಿಂದ ಕೈ, ಕಣ್ಣು, ಕತ್ತಿನ ಚಲನೆ ಕಲಿತು ಬಂದಿದ್ದರು. ಭಾರತದಲ್ಲಿ ಜನ ಹಿಗ್ಗಿ ನೋಡಿದರು. ಹಾಡು ಬಾಲಿವುಡ್ಡಿನದಾದರೂ ಹೊಂದಿತು, ‘ಬುಡಕಟ್ಟು’ ಎಂಬ ಹಣೆಪಟ್ಟಿ ಹೊತ್ತದ್ದು ಹೊಂದಲಿಲ್ಲ. ವ್ಯತ್ಯಾಸವಿದ್ದದ್ದು ಕಲಿಕೆಯಲ್ಲಿ. ಎಚ್.ಡಿ. ಕೋಟೆಯ ಕಾಲೇಜು ತಂಡಕ್ಕೆ ಹಾಡಿಯ ಕುಣಿತವೇ ಬೇಕಿದ್ದರೆ ಸಂಯೋಜಕರು ಮೊದಲು ಹಾಡಿಗೆ ಹೋಗಿ ಹಿರಿಯರ ಎದುರು ಕೂರಬೇಕು. ಹೋಗಲು ಪುರುಸೊತ್ತಿಲ್ಲದಿದ್ದರೆ ಆ ವಿಷಯವನ್ನು ಬಿಟ್ಟು ಹಿಪ್‌ಹಾಪ್ ಕಲಿಸುವುದೇ ಹೆಚ್ಚು ಪ್ರಾಮಾಣಿಕ.

ಇನ್ನೊಂದು ಮಾತು ವ್ಯವಹಾರದ್ದು. ಗುರುತು ಸಿಕ್ಕ ಹಾಡಿಗೆ ಶಿಳ್ಳೆ ಬೀಳುತ್ತದೆ, ಶಿಳ್ಳೆ ಬಿದ್ದ ತಂಡ ಮುಂದಿನ ಹಂತವಾದ ಯುವ ದಸರೆಯ ವೇದಿಕೆಗೆ ಹತ್ತಿರವಾಗುತ್ತದೆ; ಹೀಗಿರುವಾಗ ನಿಧಾನದ ಹಾಡು ಹಿಡಿದು ಕೆಡುವವರು ಯಾರು? ಈ ವಾದದಲ್ಲಿ ಹುರುಳಿದೆ. ಹಾಡಿದ್ದೇ ಹಾಡು ಎಂದು ಮೂಗು ಮುರಿಯುವ ವಿಮರ್ಶಕರು ಆ ಬಯಲು ರಂಗಮಂದಿರದ ಗದ್ದಲದಲ್ಲಿ ಹತ್ತೊಂಬತ್ತು ವರ್ಷದ ಹುಡುಗನಿಗೆ ಆ ಶಿಳ್ಳೆ ಏನೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದರೆ ಶಿಳ್ಳೆ ಬೀಳುವುದು ಹಾಡಿನ ಮೊದಲ ಸೊಲ್ಲಿಗೆ. ಅದು ಟ್ರ್ಯಾಕಿಗೆ ಸಂದ ಗೌರವ. ಅದೇ ಹಾಡನ್ನು ಹಿಂದೆಯೇ ಬರುವ ಇನ್ನೊಂದು ತಂಡವೂ ಹಾಕಿದರೆ ಅವರಿಗೂ ಅಷ್ಟೇ ಶಿಳ್ಳೆ. ತೀರ್ಪುಗಾರರು ಟ್ರ್ಯಾಕನ್ನೂ ಕುಣಿತವನ್ನೂ ಬೇರ್ಪಡಿಸಿ ನೋಡಬೇಕಾದವರು. ಸ್ಕೇಟಿಂಗ್‌ನವರು 2022ರಲ್ಲಿ ಕಲಾಂಶದ ಅಂಕಗಳನ್ನು ಐದು ಶೀರ್ಷಿಕೆಯಿಂದ ಮೂರಕ್ಕೆ ಇಳಿಸಿದರು; ಆದರೂ ಸಂಯೋಜನೆಗೆ, ಅದನ್ನು ಮೈಯಲ್ಲಿ ಕಾಣಿಸುವ ಪ್ರಸ್ತುತಿಗೆ ಬೇರೆ ಬೇರೆ ಅಂಕ ಉಳಿಸಿಕೊಂಡರು. ನಮ್ಮ ಕಾಲೇಜು ವೇದಿಕೆಗಳಿಗೂ ಅಂಥ ಒಂದು ಗೆರೆ ಬೇಕು: ಟ್ರ್ಯಾಕು ನಿಲ್ಲಿಸಿದರೂ ಈ ಮಕ್ಕಳ ಕುಣಿತದಲ್ಲಿ ಲಯ ಕಾಣುತ್ತದೆಯೇ ಎಂಬುದಕ್ಕೆ ಅಂಕ.

ಉಳಿಯುವುದು ದುಡ್ಡಿನ ಪ್ರಶ್ನೆ. ಹಿಮ್ಮೇಳ ಕರೆದುಕೊಂಡು ಹೋಗುವಷ್ಟು ಹಣ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿಗೆ ಎಲ್ಲಿಂದ ಬರಬೇಕು? ಇಡೀ ಹಿಮ್ಮೇಳ ಬೇಡ. ಟ್ರ್ಯಾಕಿನಲ್ಲಿ ಹಾಡಿನ ಗಾಯನ ಮಾತ್ರ ಇರಲಿ, ಕಂಸಾಳೆಯ ಸದ್ದನ್ನು ಅದರಿಂದ ತೆಗೆದುಬಿಡಲಿ, ವೇದಿಕೆಯ ಮುಂಚೂಣಿಯಲ್ಲಿ ಎರಡು ಮೈಕು ನೆಲಕ್ಕೆ ಹತ್ತಿರ ಇಡಲಿ. ತಾಳವನ್ನು ಮಕ್ಕಳ ಕೈಯೇ ಹಾಕುತ್ತದೆ. ಅಭ್ಯಾಸದ ಮೊದಲ ವಾರ ಟ್ರ್ಯಾಕನ್ನೇ ಹಾಕದೆ, ತಂಡದಲ್ಲಿ ಯಾರ ತೋಳು ಎಷ್ಟು ವೇಗಕ್ಕೆ ಬೀಸುತ್ತದೆಂದು ನೋಡಿ, ಎಲ್ಲರಿಗಿಂತ ನಿಧಾನವಾದವನ ಬೀಸಿಗೆ ಹಾಡಿನ ವೇಗ ಹೊಂದಿಸಲಿ. ಇವತ್ತು ಮೊಬೈಲಿನಲ್ಲೇ ಹಾಡಿನ ವೇಗ ಇಳಿಸಬಹುದು, ಅದಕ್ಕೆ ಕಾಸು ಖರ್ಚಿಲ್ಲ. ಖರ್ಚಾಗುವುದು ಆ ಒಂದು ವಾರ. ಕಿರುಪರೀಕ್ಷೆ, ಹಾಜರಿ, ಕೊನೇ ಬಸ್ಸುಗಳ ನಡುವೆ ಅದನ್ನು ಹೊಂದಿಸುವುದು ಪ್ರಾಂಶುಪಾಲರ ಕೈಯಲ್ಲಿದೆ, ಡ್ಯಾನ್ಸ್ ಮಾಸ್ಟರ್ ಕೈಯಲ್ಲಿಲ್ಲ.