‘ಘಾಚರ್ ಘೋಚರ್’ ಓದಿ ಆಫೀಸಿಗೆ ಹೋದರೆ

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ನೀವು ಓದಿರಬಹುದು. ಕನ್ನಡ ಅಕ್ಷರ ಇನ್ನೂ ಕಷ್ಟ ಅನ್ನೋರು ಶ್ರೀನಾಥ್ ಪೆರೂರರ ಇಂಗ್ಲಿಷ್ ಅನುವಾದದಲ್ಲಾದರೂ ನೋಡಿರ್ತೀರಿ. ದುಡ್ಡು ಬಂದ ಮೇಲೆ ಕೆಟ್ಟ ಕುಟುಂಬದ ಕಥೆ ಅಂತ ಇದನ್ನ ಎಲ್ಲರೂ ಹೇಳ್ತಾರೆ. ನನಗೆ ಇದು ಕೆಟ್ಟ ಮ್ಯಾನೇಜ್‌ಮೆಂಟ್ ಬಗ್ಗೆ ಕನ್ನಡದಲ್ಲಿರೋ ಒಳ್ಳೆ ಪುಸ್ತಕ.

ಯಾಕೆ ಅಂತ ಹೇಳ್ತೀನಿ. ಕಥೆ ಹೇಳುವವನು ಸೋನಾ ಮಸಾಲಾ ಕಂಪನಿಯ ಡೈರೆಕ್ಟರ್. ಕೆಲಸ ಏನೂ ಇಲ್ಲ. ತಿಂಗಳಾದರೆ ಖಾತೆಗೆ ದುಡ್ಡು ಬೀಳುತ್ತೆ, ಅವನು ಕಾಫಿ ಹೌಸ್‌ನಲ್ಲಿ ಕೂರ್ತಾನೆ. ದುಡಿಯೋದು ಚಿಕ್ಕಪ್ಪ. ಆದರೆ ಚಿಕ್ಕಪ್ಪ ಆಜ್ಞೆ ಮಾಡಬೇಕಾಗೇ ಇಲ್ಲ. ಮನೆಯವರೇ ಅವನ ಅನುಕೂಲ ಕಾಯ್ತಾರೆ. ಅವನನ್ನ ಹುಡುಕಿಕೊಂಡು ಬಂದ ಹೆಂಗಸನ್ನ ಬಾಗಿಲಲ್ಲೇ ಬೈದು ಅಟ್ಟೋದೂ ಅವರೇ. ಅದು ತಪ್ಪು ಅನ್ನೋಳು ಸೊಸೆ ಅನಿತಾ.

ನಾನು ಕತಾರಿನಲ್ಲಿ ಡೇಟಾ ಸೈಂಟಿಸ್ಟ್. ನಮ್ಮ ಕಂಪನಿಯ ಕೆಲಸಗಾರರು ಇರೋದು ಬರ್ವಾ ಅಲ್ ಬರಾಹಾದಲ್ಲಿ, ಕಾರ್ಮಿಕರಿಗಂತಲೇ ಕಟ್ಟಿದ ವಸತಿಯಲ್ಲಿ. ಅವರ ಬಸ್ಸುಗಳ ಡ್ಯಾಶ್‌ಬೋರ್ಡ್ ನನ್ನ ಕೆಲಸ. ಒಂದು ಸಲ ಮ್ಯಾನೇಜರ್, ‘ಬಾರದೇ ಹೋದ ಟ್ರಿಪ್ ಲೆಕ್ಕದಿಂದ ತೆಗೆದುಬಿಡಿ, ಬಂದಿದ್ದು ಮಾತ್ರ ಸಾಕು’ ಅಂದರು. ತೆಗೆದೆ. ಸ್ಕ್ರೀನ್ ಹಸಿರಾಯ್ತು. ಮುಂದಿನ ತಿಂಗಳು ಅವರು ಹೇಳಲೇ ಇಲ್ಲ, ನಾನೇ ತೆಗೆದಿದ್ದೆ.

ಜುಲೈನಲ್ಲಿ ಒಂದು ಬೆಳಗಿನ ಜಾವ ಏನೋ ಕೆಲಸಕ್ಕೆ ಅಲ್ಲಿಗೆ ಹೋದೆ. ಊಟದ ಡಬ್ಬಿ ಹಿಡಿದು ಜನ ಕಾಯ್ತಿದ್ದರು, ಅಷ್ಟೊತ್ತಿಗೇ ಅಂಗಿ ಒದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿಸಿಕೊಂಡು ಗಂಗಾವತಿ ಕಡೆಯವರೊಬ್ಬರು, ‘ಸರ್, ಬಸ್ ಬರ್ತೈತೇನ್ರಿ ಇವತ್ತು?’ ಅಂದರು. ನನ್ನ ಲೆಕ್ಕದಲ್ಲಿ ಬಾರದ ಬಸ್ಸೇ ಇರಲಿಲ್ಲ.

ಪುಸ್ತಕದ ಮೇಲೆ ನನಗೊಂದು ತಕರಾರಿತ್ತು. ಮಸಾಲೆ ಪ್ಯಾಕ್ ಮಾಡುವವರ ಬದುಕು ಹೇಗಿದೆ ಅಂತ ಕಥೆ ಹೇಳಲ್ಲ. ಅದನ್ನ ಕೊರತೆ ಅಂದ್ಕೊಂಡಿದ್ದೆ. ಈಗ ಅರ್ಧ ತಕರಾರು ವಾಪಸ್ ತಗೊಂಡಿದೀನಿ. ಅವರನ್ನ ನೋಡದೇ ಇದ್ದರೇನೇ ನಿರೂಪಕನಿಗೆ ತಿಂಗಳ ದುಡ್ಡು ನೆಮ್ಮದಿಯಾಗಿ ಸಿಗೋದು. ಶಾನಭಾಗರು ಇದನ್ನ ಬಿಡಿಸಿ ಹೇಳದೆ ಅವನ ದನಿಯಲ್ಲೇ ಇಟ್ಟಿದ್ದಾರೆ. ಉಳಿದರ್ಧ ಹಾಗೇ ಇದೆ: ಆ ದನಿ ಎಷ್ಟು ಹಿತ ಅಂದ್ರೆ, ಓದುವ ನಾವೂ ಅವನ ಜೊತೆ ಕಾಫಿ ಕುಡೀತಾ ಕೂತುಬಿಡ್ತೀವಿ.

ಘಾಚರ್ ಘೋಚರ್ ಅಂದ್ರೆ ಬಿಡಿಸಲಾಗದ ಸಿಕ್ಕು. ಅನಿತಾಳ ತವರಿನವರು ಮಾಡಿಕೊಂಡ ಮಾತು. ಇನ್ನೊಂದ್ಸಲ ಓದುವಾಗ ಅವಳ ಪಕ್ಕ ನಿಂತು ಓದಿ ನೋಡಿ. ನಾನು ಆ ಟ್ರಿಪ್‌ಗಳನ್ನ ಲೆಕ್ಕಕ್ಕೆ ಮತ್ತೆ ಸೇರಿಸಿದೀನಿ. ಮ್ಯಾನೇಜರ್ ಇನ್ನೂ ನೋಡಿಲ್ಲ.