ಒಂದು ಮಿಷನರಿ ಕುಟುಂಬದ ಎರಡು ಚರಿತ್ರೆಗಳು: ಪರ್ಲ್ ಬಕ್ ರಚಿಸಿದ ‘ದಿ ಎಕ್ಸೈಲ್’ ಮತ್ತು ‘ಫೈಟಿಂಗ್ ಏಂಜೆಲ್’

ಜೀವನಚರಿತ್ರೆಯನ್ನು ಇತಿಹಾಸಕ್ಕೆ ಆಕರವಾಗಿ ಬಳಸುವವನು ಅದರಲ್ಲಿ ಹೇಳಿರುವುದನ್ನು ಪರೀಕ್ಷಿಸಿದರೆ ಸಾಲದು. ಹೇಳದೆ ಬಿಟ್ಟಿರುವುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಇದು ಅಧ್ಯಾಪಕರೆಲ್ಲರೂ ಬಲ್ಲ ಮಾತು. ಆದರೆ ಪರರ ಸೇವೆಗೆಂದು ಬಾಳನ್ನು ಮುಡಿಪಾಗಿಟ್ಟವರ ಚರಿತ್ರೆಯನ್ನು ಓದುವಾಗ ನಾವು ಇದನ್ನು ಬಹು ಬೇಗ ಮರೆತುಬಿಡುತ್ತೇವೆ. ಭಕ್ತರಾದ ವಾಚಕರು ಅಂಥ ಗ್ರಂಥವನ್ನು ಪುರಾಣದಂತೆ ಓದುತ್ತಾರೆ. ವಿರೋಧಿಗಳು ಅದನ್ನು ಆರೋಪಪಟ್ಟಿಯಂತೆ ಓದುತ್ತಾರೆ. ಈ ಎರಡು ದಾರಿಗಳನ್ನೂ ಬಿಟ್ಟು, ಚೀನಾದೇಶದಲ್ಲಿ ಬಾಳಿದ ಒಂದು ಅಮೆರಿಕನ್ ಮಿಷನರಿ ಕುಟುಂಬವನ್ನು ಕುರಿತ ಎರಡು ಗ್ರಂಥಗಳನ್ನು ಆಕರಗಳೆಂದು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ. ‘ದಿ ಎಕ್ಸೈಲ್’ ಮತ್ತು ‘ಫೈಟಿಂಗ್ ಏಂಜೆಲ್’ ಎಂಬ ಈ ಗ್ರಂಥಗಳೆರಡೂ ೧೯೩೬ರಲ್ಲಿ ಪ್ರಕಟವಾದವು. ಮೊದಲನೆಯದು ತಾಯಿಯ ಚರಿತ್ರೆ, ಎರಡನೆಯದು ತಂದೆಯ ಚರಿತ್ರೆ. ಎರಡನ್ನೂ ಬರೆದವಳು ಆ ಮನೆಯ ಮಗಳಾದ ಪರ್ಲ್ ಬಕ್. ೧೯೩೮ರಲ್ಲಿ ಆಕೆಗೆ ನೊಬೆಲ್ ಪಾರಿತೋಷಕ ದೊರೆತಾಗ, ಚೀನೀ ರೈತಜೀವನದ ಚಿತ್ರಣದೊಡನೆ ಈ ಜೀವನಚರಿತ್ರೆಗಳನ್ನೂ ಪ್ರಶಸ್ತಿಯ ಒಕ್ಕಣೆಯಲ್ಲಿ ಹೆಸರಿಸಲಾಯಿತು.

ಕುಟುಂಬದ ವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ಹೇಳಬೇಕು. ಅಬ್ಸಲೋಮ್ ಸೈಡನ್‌ಸ್ಟ್ರಿಕರ್ ೧೮೫೨ರಲ್ಲಿ ಹುಟ್ಟಿದವನು. ಆತನ ಪತ್ನಿ ಕ್ಯಾರೊಲಿನ್ ೧೮೫೭ರಲ್ಲಿ ಹುಟ್ಟಿದವಳು. ಅಮೆರಿಕದ ದಕ್ಷಿಣ ಪ್ರೆಸ್ಬಿಟೇರಿಯನ್ ಸಭೆಯ ಪರವಾಗಿ ೧೮೮೦ರಲ್ಲಿ, ವಿವಾಹವಾದೊಡನೆಯೇ, ಈ ದಂಪತಿಗಳು ಚೀನಾದೇಶಕ್ಕೆ ಹಡಗು ಹತ್ತಿದರು. ಅವರ ಬಾಳಿನ ಬಹುಭಾಗ ಯಾಂಗ್‌ತ್ಸೆ ನದೀತೀರದ ಜೆಂಜಿಯಾಂಗ್ ನಗರದಲ್ಲಿಯೂ ಅದರ ಉತ್ತರಕ್ಕಿರುವ ಬಡ ಪ್ರಾಂತಗಳಲ್ಲಿಯೂ ಕಳೆಯಿತು. ಏಳು ಮಂದಿ ಮಕ್ಕಳಲ್ಲಿ ನಾಲ್ವರು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ೧೮೯೨ರಲ್ಲಿ ಅಮೆರಿಕದಲ್ಲಿ ಹುಟ್ಟಿ, ಕೆಲವೇ ತಿಂಗಳ ಕೂಸಾಗಿ ಚೀನಾಕ್ಕೆ ಬಂದ ಪರ್ಲ್ ಉಳಿದ ಮೂವರಲ್ಲಿ ಒಬ್ಬಳು. ತಾಯಿ ೧೯೨೧ರಲ್ಲಿ, ತಂದೆ ೧೯೩೧ರಲ್ಲಿ, ಇಬ್ಬರೂ ಚೀನಾದ ನೆಲದಲ್ಲಿಯೇ ಮೃತರಾದರು.

ತಾಯಿಯ ಚರಿತ್ರೆಯು ಮುದ್ರಣಕ್ಕೆಂದು ಹುಟ್ಟಿದ್ದಲ್ಲ. ತಾಯಿ ತೀರಿಕೊಂಡ ಅನಂತರ, ಆಕೆಯ ನೆನಪು ಮನೆಯವರಿಗಾದರೂ ಉಳಿಯಲೆಂದು ಮಗಳು ಅದನ್ನು ಬರೆದಿಟ್ಟಳು; ಹದಿನೈದು ವರ್ಷಗಳಾದ ಮೇಲೆ ಅದು ಬೆಳಕಿಗೆ ಬಂದಿತು. ಆದುದರಿಂದ ಅದರಲ್ಲಿ ಶೋಕದ ಬಿಸಿ ಇನ್ನೂ ಆರಿಲ್ಲ. ಗ್ರಂಥದಲ್ಲಿ ‘ಕೇರಿ’ ಎಂದು ಕರೆಯಲ್ಪಡುವ ಈ ತಾಯಿ ಹೋದಹೋದಲ್ಲಿ ತವರುನಾಡಿನ ಹೂಗಿಡಗಳನ್ನು ನೆಟ್ಟು, ಪರಕೀಯವಾದ ಮಣ್ಣಿನಲ್ಲಿ ತನ್ನದೊಂದು ಅಂಗಳವನ್ನು ಮಾಡಿಕೊಳ್ಳಲು ಹೆಣಗುತ್ತಾಳೆ. ಬಾಗಿಲಿಗೆ ಬಂದ ಬಡ ಹೆಂಗಸರ ಕಷ್ಟವನ್ನು ಕೇಳುತ್ತಾಳೆ, ರೋಗಿಗಳಿಗೆ ಮದ್ದು ಕೊಡುತ್ತಾಳೆ. ದೇವರಿಂದ ಒಂದು ಸ್ಪಷ್ಟವಾದ ಸೂಚನೆ ದೊರೆಯಲಿ ಎಂದು ಯೌವನದಿಂದ ಕಾದವಳಿಗೆ ಅದು ಕೊನೆಯವರೆಗೂ ದೊರೆಯುವುದಿಲ್ಲ. ಮಕ್ಕಳನ್ನು ಮಣ್ಣುಮಾಡಿದ ಆ ತಾಯಿಗೆ ಧರ್ಮಶ್ರದ್ಧೆಗಿಂತ ಹೆಚ್ಚಾಗಿ ಕೈಗೆ ಸಿಕ್ಕಿದ ಕೆಲಸವೇ ಆಸರೆಯಾಯಿತೆಂಬುದು ಮಗಳ ಗ್ರಹಿಕೆ.

ತಂದೆಯ ಚರಿತ್ರೆಯ ಧಾಟಿ ಬೇರೆ. ಇಲ್ಲಿ ‘ಆಂಡ್ರೂ’ ಎಂಬ ಹೆಸರಿನಿಂದ ಬರುವ ತಂದೆ ಚೀನೀ ಉಡುಪನ್ನು ಧರಿಸಿ, ಜಡೆಯನ್ನು ಬಿಟ್ಟು, ದೋಣಿಯಲ್ಲಿಯೂ ಕತ್ತೆಯ ಮೇಲೆಯೂ ಕಾಲ್ನಡಿಗೆಯಲ್ಲಿಯೂ ಊರೂರು ಸಂಚರಿಸುತ್ತಾನೆ. ಕಲ್ಲೇಟು, ಬೈಗುಳ, ಜ್ವರ, ಯಾವುದೂ ಆತನನ್ನು ತಡೆಯಲಾರವು. ೧೯೦೦ರ ಬಾಕ್ಸರ್ ದಂಗೆಯ ಕಾಲದಲ್ಲಿ ಹೆಂಡತಿಮಕ್ಕಳು ಷಾಂಘೈಗೆ ಹೋಗಿ ಆಶ್ರಯ ಪಡೆದಾಗಲೂ ಆತನು ತನ್ನ ಠಾಣೆಯನ್ನು ಬಿಟ್ಟು ಕದಲಲಿಲ್ಲ. ಹೊಸ ಒಡಂಬಡಿಕೆಯನ್ನು ಗ್ರೀಕ್ ಮೂಲದಿಂದ ಆಡುಮಾತಿನ ಚೀನೀ ಭಾಷೆಗೆ ತರಬೇಕೆಂಬುದು ಆತನ ಜೀವಮಾನದ ಹಂಬಲ. ಒಂದರ ಮೇಲೊಂದು ಪರಿಷ್ಕರಣವನ್ನು ಅಚ್ಚುಹಾಕಿಸಲು ಬೇಕಾದ ಹಣ ಮನೆಯ ಖರ್ಚಿನಿಂದಲೇ ಹೋಗುತ್ತಿತ್ತು. ಸಹೋದ್ಯೋಗಿಗಳೊಡನೆ ಆತನು ನಡೆಸಿದ ಕಲಹಗಳನ್ನು ಲೇಖಕಿ ನಸುನಗೆಯಿಂದ ವರ್ಣಿಸುತ್ತಾಳೆ. ಆದರೆ ಬಾಲ್ಯದಲ್ಲಿ ಬಯಸಿದ ಸಣ್ಣಪುಟ್ಟ ವಸ್ತುಗಳು ಒಂದು ಗ್ರಂಥದ ಹೊಟ್ಟೆಗೆ ಹೋದುದನ್ನು ವರ್ಣಿಸುವಾಗ ಆ ನಗೆಯ ಹಿಂದೆ ಹಳೆಯ ನೋವು ಕಾಣುತ್ತದೆ. ದ್ವೇಷವಿಲ್ಲದೆ, ಮುಚ್ಚುಮರೆಯೂ ಇಲ್ಲದೆ ತಂದೆಯನ್ನು ಚಿತ್ರಿಸಿರುವ ಈ ಎರಡನೆಯ ಗ್ರಂಥವು ಕಲಾದೃಷ್ಟಿಯಿಂದ ಮೊದಲನೆಯದಕ್ಕಿಂತ ಮೇಲಾದುದೆಂದು ನಮ್ಮ ಅಭಿಪ್ರಾಯ.

ಈ ಗ್ರಂಥದಲ್ಲಿ ಇತಿಹಾಸದ ವಿದ್ಯಾರ್ಥಿ ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ವೃದ್ಧಾಪ್ಯದಲ್ಲಿ ತಂದೆ ತನ್ನ ಬಾಳಿನ ಕಥೆಯನ್ನು ತಾನೇ ಬರೆದನು. ಅದು ಇಪ್ಪತ್ತೈದು ಪುಟಗಳಲ್ಲಿ ಮುಗಿದುಹೋಯಿತು. ಅದರಲ್ಲಿ ವಿವಾಹದ ಪ್ರಸ್ತಾಪ ಒಮ್ಮೆ ಬರುತ್ತದೆ. ಮಕ್ಕಳ ಎಣಿಕೆಯೂ ಒಮ್ಮೆ ಬರುತ್ತದೆ. ಆ ಎಣಿಕೆಯಲ್ಲಿ, ಐದು ವರ್ಷ ಬದುಕಿ ತೀರಿಕೊಂಡ, ತಾಯಿಗೆ ಅತ್ಯಂತ ಪ್ರಿಯನಾಗಿದ್ದ ಒಬ್ಬ ಗಂಡುಮಗುವನ್ನು ತಂದೆ ಪೂರ್ತಿಯಾಗಿ ಮರೆತಿದ್ದನೆಂದು ಮಗಳು ತಿಳಿಸುತ್ತಾಳೆ. ಈ ಒಂದು ಸಂಗತಿ ಇಡೀ ಗ್ರಂಥಕ್ಕೆ ಕೀಲಿಕೈಯಂತಿದೆ. ಆಕರವು ಸುಳ್ಳು ಹೇಳುತ್ತಿಲ್ಲ, ಬರೆದವನು ಪ್ರಾಮಾಣಿಕನೇ. ಆದರೂ ಒಂದು ಮಗು ಅಲ್ಲಿಲ್ಲ. ತನ್ನ ಆತ್ಮದ ಕಥೆಯನ್ನು ಹೇಳಲು ಹೊರಟವನಿಗೆ ಆ ಮಗು ಅಗತ್ಯವೆಂದು ತೋರಲಿಲ್ಲ. ಆ ಮರೆವನ್ನು ಗುರುತಿಸಬಲ್ಲವಳಾಗಿದ್ದುದರಿಂದಲೇ ಮಗಳು ಚರಿತ್ರಕಾರ್ತಿಯಾದಳು.

ಈ ಎರಡು ಗ್ರಂಥಗಳ ಮುಖ್ಯ ಮಹತ್ತ್ವವೂ ಇಲ್ಲಿಯೇ ಇದೆ. ಮಿಷನ್ ಸಂಸ್ಥೆಗಳ ವರದಿಗಳಲ್ಲಿ ಸಾಧಾರಣವಾಗಿ ದೊರೆಯುವುದು ಠಾಣೆಗಳ, ಶಾಲೆಗಳ, ದೀಕ್ಷೆ ಪಡೆದವರ ಎಣಿಕೆ. ಸೇವೆಗಾಗಿ ಮನೆಯೊಳಗೆ ತೆತ್ತ ಬೆಲೆಗೆ ಅಲ್ಲಿ ಅಂಕಣವಿಲ್ಲ. ಮಿಷನರಿಯ ಪತ್ನಿ ದಿನವಿಡೀ ದುಡಿದರೂ ಮಿಷನ್ ಸಭೆಯಲ್ಲಿ ಆಕೆಗೆ ಮತವಿರಲಿಲ್ಲ. ಲೆಕ್ಕಕ್ಕೆ ಸಿಕ್ಕದ ಈ ಬೆಲೆಯನ್ನು ಪರ್ಲ್ ಬಕ್ ಲೆಕ್ಕಕ್ಕೆ ತಂದಳು: ನಾಲ್ಕು ಗೋರಿಗಳು, ವರ್ಷಗಟ್ಟಲೆಯ ಒಂಟಿತನ, ಸೀಳಿಹೋದ ದಾಂಪತ್ಯ. ತಂದೆಯೊಬ್ಬನ ಧರ್ಮನಿಷ್ಠೆಗೆ ತಾಯಿಮಕ್ಕಳು ಒಪ್ಪಿಗೆ ಕೊಡದೆಯೇ ಪಾಲುದಾರರಾಗಬೇಕಾಯಿತೆಂಬುದನ್ನು ಇಷ್ಟು ನೇರವಾಗಿ ಹೇಳಿದ ಬರವಣಿಗೆ ಈ ವಿಷಯದಲ್ಲಿ ವಿರಳ.

ಹೀಗಿದ್ದರೂ, ಮಗಳು ತಂದೆಗೆ ಹಾಕಿದ ಪ್ರಶ್ನೆಯನ್ನು ನಾವು ಮಗಳಿಗೂ ಹಾಕಬೇಕಾಗುತ್ತದೆ. ಆಕೆಯ ಎಣಿಕೆಯಲ್ಲಿ ಬಿಟ್ಟುಹೋದವರು ಯಾರು?

ಯಾರ ಸೇವೆಗೆಂದು ಈ ಕುಟುಂಬ ಸಾಗರವನ್ನು ದಾಟಿ ಬಂದಿತೋ ಆ ಬಡ ಜನರೇ ಎಂಬುದು ನಮ್ಮ ಉತ್ತರ. ಎರಡು ಗ್ರಂಥಗಳಲ್ಲಿಯೂ ಅವರು ಗುಂಪುಗುಂಪಾಗಿ ಬರುತ್ತಾರೆ: ಕ್ಷಾಮದಿಂದ ಓಡಿಬಂದವರು, ಕಿಟಕಿಯಲ್ಲಿ ಇಣುಕುವವರು, ಮದ್ದಿಗೆ ಕೈಯೊಡ್ಡುವವರು, ಕಲ್ಲೆಸೆಯುವವರು. ಕೇರಿಯ ಕರುಣೆಗೂ ಆಂಡ್ರೂವಿನ ಧೈರ್ಯಕ್ಕೂ ಅವರು ಸಂದರ್ಭವನ್ನು ಒದಗಿಸುತ್ತಾರೆ. ತಾವಾಗಿ ಬಹುಮಟ್ಟಿಗೆ ಮಾತನಾಡುವುದಿಲ್ಲ. ಇದಕ್ಕೆ ಸ್ಪಷ್ಟವಾದ ಅಪವಾದ ವಾಂಗ್ ಆಮಾ ಎಂಬ ದಾದಿ. ೧೮೫೦ರಿಂದ ೧೮೬೪ರವರೆಗೆ ನಡೆದ ತೈಪಿಂಗ್ ದಂಗೆಯ ಹಾವಳಿಯಿಂದ ಪಾರಾಗಿ ಉಳಿದ ಈ ಹೆಂಗಸು ಆ ಮನೆಯ ಮಕ್ಕಳನ್ನು ಎತ್ತಿ ಆಡಿಸಿದಳು, ಕಥೆಗಳನ್ನು ಹೇಳಿದಳು. ಮುಂದೆ ಜಗತ್ತಿಗೆ ಚೀನಾದ ಕಥೆಯನ್ನು ಹೇಳಿದವಳು ಕಥೆಯನ್ನು ಮೊದಲು ಕೇಳಿದ್ದು ಈ ದಾದಿಯ ಮಡಿಲಿನಲ್ಲಿ. ಸೇವೆ ಯಾರಿಂದ ಯಾರಿಗೆ ಸಂದಿತು ಎಂಬುದನ್ನು ಇಲ್ಲಿಯೇ ಪುನರ್ವಿಚಾರ ಮಾಡಬಹುದಾಗಿತ್ತು. ಆದರೆ ಲೇಖಕಿ ಆಕೆಯನ್ನು ಪ್ರೀತಿಯಿಂದ ಸ್ಮರಿಸಿ ಮುಂದಕ್ಕೆ ಸಾಗುತ್ತಾಳೆ. ಆಕೆಗೊಂದು ಮೂರನೆಯ ಚರಿತ್ರೆ ದೊರೆಯುವುದಿಲ್ಲ. ಸುವಾರ್ತೆಯನ್ನು ಹಳ್ಳಿಗಳಿಗೆ ನಿಜವಾಗಿ ಮುಟ್ಟಿಸಿದ ಚೀನೀ ಉಪದೇಶಕರೂ ಹೀಗೆಯೇ ನೆರಳಿನಲ್ಲಿ ಉಳಿಯುತ್ತಾರೆ.

ಎರಡನೆಯ ಕೊರತೆ ರಾಜಕೀಯ ಹಿನ್ನೆಲೆಗೆ ಸಂಬಂಧಿಸಿದುದು. ವಿದೇಶೀ ಮಿಷನರಿಗಳು ಚೀನಾದ ಒಳನಾಡಿನಲ್ಲಿ ಸಂಚರಿಸಬಹುದೆಂಬ ಹಕ್ಕು ೧೮೫೮ರ ಮತ್ತು ೧೮೬೦ರ ಒಪ್ಪಂದಗಳಿಂದ ಬಂದದ್ದು. ಆ ಒಪ್ಪಂದಗಳು ಯುದ್ಧದಲ್ಲಿ ಸೋತ ರಾಜ್ಯದಿಂದ ಬಲಾತ್ಕಾರವಾಗಿ ಪಡೆದವು. ಜೆಂಜಿಯಾಂಗ್ ನಗರವು ವಿದೇಶೀ ವ್ಯಾಪಾರಕ್ಕೆ ತೆರೆದದ್ದೂ, ಅಲ್ಲಿ ಬ್ರಿಟಿಷರ ವಸತಿಪ್ರದೇಶ ಏರ್ಪಟ್ಟದ್ದೂ ಇದರ ಪರಿಣಾಮವೇ. ಮಿಷನರಿಗಳು ಚೀನೀ ನ್ಯಾಯಾಲಯಗಳಿಗೆ ಒಳಪಟ್ಟವರಲ್ಲ. ಈ ವಿಶೇಷಾಧಿಕಾರವನ್ನು ಅಮೆರಿಕ, ಬ್ರಿಟನ್‌ಗಳು ೧೯೪೩ರಲ್ಲಿ ಬಿಟ್ಟುಕೊಟ್ಟವು. ಲೇಖಕಿ ಈ ಅಸಮಾನತೆಯನ್ನು ಅರಿಯದವಳಲ್ಲ. ಆದರೆ ಜೀವನಚರಿತ್ರೆಯ ಚೌಕಟ್ಟಿನಲ್ಲಿ ಅದು ವ್ಯಕ್ತಿಸ್ವಭಾವದ ಪ್ರಶ್ನೆಯಾಗಿ ಕುಗ್ಗುತ್ತದೆ: ತಂದೆಯದು ಹಟ, ತಾಯಿಯದು ಮರುಕ. ಕಲ್ಲೆಸೆದವನ ಕೋಪಕ್ಕೂ ಒಂದು ಇತಿಹಾಸವಿದ್ದಿತೆಂಬುದು ಓದುಗರ ಮನಸ್ಸಿನಲ್ಲಿ ಆಳವಾಗಿ ನಿಲ್ಲುವುದಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಜನ್ಮದಾತರ ಚರಿತ್ರೆಯಲ್ಲಿ ಅವರೇ ಪ್ರಧಾನರಾಗುವುದು ಸಹಜವಲ್ಲವೆ? ಚೀನೀ ಬಡವರ ಬಾಳನ್ನು ೧೯೩೧ರ ‘ದಿ ಗುಡ್ ಅರ್ಥ್’ ಕಾದಂಬರಿಯಲ್ಲಿ ಲೇಖಕಿ ಆಗಲೇ ಚಿತ್ರಿಸಿರಲಿಲ್ಲವೆ? ಈ ಆಕ್ಷೇಪಣೆಯಲ್ಲಿ ಹುರುಳಿದೆ. ವಾಂಗ್ ಲುಂಗ್ ಎಂಬ ರೈತನ ಆ ಕಥೆಯಲ್ಲಿ ಮಿಷನರಿಗೆ ಹೆಚ್ಚಿನ ಸ್ಥಾನವಿಲ್ಲ. ಚೀನೀ ರೈತನೇ ನಾಯಕ. ಆದರೆ ಕಾದಂಬರಿಯಲ್ಲಿ ಬಡವರು, ಚರಿತ್ರೆಯಲ್ಲಿ ಸೇವಕರು ಎಂದು ಹಂಚಿಹಾಕಿದ್ದರಿಂದ ಇಬ್ಬರೂ ಎದುರುಬದುರಾಗಿ ಕುಳಿತುಕೊಳ್ಳುವ ಪ್ರಸಂಗವೇ ತಪ್ಪಿಹೋಯಿತು. ಚೀನಾದ ಮಹಾಲೇಖಕ ಲೂ ಷುನ್ ೧೯೩೩ರ ಒಂದು ಪತ್ರದಲ್ಲಿ, ಈಕೆ ಚೀನಾದಲ್ಲಿ ಬೆಳೆದವಳಾದರೂ ಈಕೆಯ ದೃಷ್ಟಿ ಅಮೆರಿಕನ್ ಮಿಷನರಿ ಮಹಿಳೆಯದೇ ಎಂಬ ಅಭಿಪ್ರಾಯವನ್ನು ಸೂಚಿಸಿದನು. ಈ ತೀರ್ಪು ಕಠಿನವಾದುದು, ಭಾಗಶಃ ಅನ್ಯಾಯವಾದುದೂ ಹೌದು. ಆದರೆ ಸೇವೆಗೊಳಗಾದ ನಾಡಿನವನೊಬ್ಬನು ತನ್ನ ಚಿತ್ರವನ್ನು ತಾನೇ ಬರೆಯಬಯಸುವುದರಲ್ಲಿ ತಪ್ಪೇನಿದೆ?

ಲೇಖಕಿಯ ಜೀವನದಲ್ಲಿಯೇ ಈ ಪ್ರಶ್ನೆಗೆ ಉತ್ತರದಂತಿರುವ ಒಂದು ಘಟನೆ ಇದೆ. ೧೯೨೭ರ ಮಾರ್ಚ್ ೨೪ರಂದು ನಾನ್‌ಜಿಂಗ್ ನಗರಕ್ಕೆ ರಾಷ್ಟ್ರೀಯವಾದಿಗಳ ಸೇನೆ ನುಗ್ಗಿದಾಗ ವಿದೇಶೀಯರ ಮನೆಗಳು ಸೂರೆಹೋದವು, ಕೆಲವರು ಹತರಾದರು. ಅಂದು ಪರ್ಲ್ ಬಕ್, ಆಕೆಯ ಮಕ್ಕಳು, ಎಪ್ಪತ್ತು ದಾಟಿದ ತಂದೆ ಮೊದಲಾದವರಿಗೆ ಅಡಗಿಕೊಳ್ಳಲು ತಾವು ದೊರೆತದ್ದು ಒಬ್ಬ ಬಡ ಚೀನೀ ಹೆಂಗಸಿನ ಗುಡಿಸಲಿನಲ್ಲಿ. ಸಿಕ್ಕಿಬಿದ್ದಿದ್ದರೆ ಆ ಹೆಂಗಸಿನ ಪ್ರಾಣಕ್ಕೂ ಅಪಾಯವಿತ್ತು. ಲೇಖಕಿ ಹಿಂದೆ ತನಗೆ ಮಾಡಿದ್ದ ಉಪಕಾರವನ್ನು ನೆನೆದು ಆಕೆ ತಾನಾಗಿಯೇ ಕರೆಯಲು ಬಂದಳು. ಸುಮಾರು ಐವತ್ತು ವರ್ಷ ಉಪದೇಶ ಮಾಡಿದ ವೃದ್ಧನು ಆ ದಿನ ಉಳಿದದ್ದು ಕೊಟ್ಟ ಉಪದೇಶದ ಬಲದಿಂದಲ್ಲ, ಪಡೆದ ಆಶ್ರಯದಿಂದ. ಈ ಘಟನೆಯನ್ನು ಪಾರಾದವರ ಕಥೆಯೆಂದು ಓದುವುದು ರೂಢಿ. ಆಶ್ರಯ ಕೊಟ್ಟವಳ ಕಥೆಯೆಂದು ಓದಿದರೆ ಕುಟುಂಬದ ಇತಿಹಾಸವೆಲ್ಲವೂ ಬೇರೊಂದು ಬಗೆಯಾಗಿ ತೋರುತ್ತದೆ. ಆ ಗುಡಿಸಲಿನಲ್ಲಿ ಸೇವಕನಾರು, ಸೇವಿತನಾರು?

ಮಗಳು ಈ ಪಾಠವನ್ನು ಕಲಿಯದೆ ಹೋಗಲಿಲ್ಲವೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ೧೯೩೨ರಲ್ಲಿ ನ್ಯೂಯಾರ್ಕಿನಲ್ಲಿ ಪ್ರೆಸ್ಬಿಟೇರಿಯನ್ ಮಹಿಳೆಯರ ಮುಂದೆ ಮಾಡಿದ ಭಾಷಣದಲ್ಲಿ, ತಾವು ಸೇವೆಮಾಡುವ ಜನರನ್ನೇ ತಿರಸ್ಕಾರದಿಂದ ಕಾಣುವ ಮಿಷನರಿಗಳನ್ನು ಆಕೆ ತೀಕ್ಷ್ಣವಾಗಿ ಖಂಡಿಸಿದಳು. ಇದರಿಂದ ಎದ್ದ ವಿವಾದದ ಪರಿಣಾಮವಾಗಿ ಮರುವರ್ಷ ಮಿಷನ್ ಮಂಡಲಿಯ ಸ್ಥಾನಕ್ಕೆ ರಾಜೀನಾಮೆಯನ್ನಿತ್ತಳು. ಇಷ್ಟು ನಿಷ್ಠುರವಾಗಿ ಮಾತನಾಡಬಲ್ಲವಳು ಮೂರು ವರ್ಷಗಳ ಅನಂತರ ಪ್ರಕಟಿಸಿದ ಚರಿತ್ರೆಗಳಲ್ಲಿ ಮನೆಯ ಗೋಡೆಗಳೊಳಗೇ ಹೆಚ್ಚಾಗಿ ಉಳಿದದ್ದು ವಿವೇಕದ ಅಭಾವದಿಂದಲ್ಲ. ತಾಯಿಗೆ ಸಲ್ಲಬೇಕಾದ ಋಣ ಮೊದಲು ಸಲ್ಲಬೇಕಾಗಿತ್ತು. ತಂದೆಯ ಇಪ್ಪತ್ತೈದು ಪುಟಗಳಲ್ಲಿ ಕಾಣೆಯಾದ ಮಗುವನ್ನು ಹುಡುಕಿ ತರುವ ಹೊಣೆ ಮಗಳದಾಗಿತ್ತು. ಅದನ್ನು ಆಕೆ ನಿರ್ವಹಿಸಿದಳು.

ಆದುದರಿಂದ ನಮ್ಮ ನಿರ್ಣಯ ಇದು. ಮಿಷನರಿ ಜೀವನದ ಒಳಮನೆಯನ್ನು ತಿಳಿಯಲು ಈ ಎರಡು ಗ್ರಂಥಗಳು ಅತ್ಯುತ್ತಮವಾದ ಆಕರಗಳು. ಆ ಜೀವನ ಯಾರ ನಡುವೆ ಸಾಗಿತೋ ಅವರನ್ನು ತಿಳಿಯಲು ಅಸಮರ್ಪಕವಾದ ಆಕರಗಳು. ಕಾಲೇಜಿನ ತರಗತಿಗಳಲ್ಲಿ ಇವನ್ನು ಪಾಠಮಾಡುವ ಅಧ್ಯಾಪಕರು ಎರಡನ್ನೂ ಜೊತೆಯಲ್ಲಿಯೇ ಓದಿಸಬೇಕು. ತಾಯಿಯ ಚರಿತ್ರೆಯೊಂದನ್ನೇ ಓದಿದವರು ತಂದೆಯನ್ನು ದ್ವೇಷಿಸುತ್ತಾರೆ, ತಂದೆಯದೊಂದನ್ನೇ ಓದಿದವರು ತಾಯಿಯನ್ನು ಮರೆಯುತ್ತಾರೆ. ಓದಿ ಮುಗಿಸಿದ ಮೇಲೆ ವಿದ್ಯಾರ್ಥಿಗಳಿಗೆ ಒಂದು ಕೆಲಸವನ್ನು ಒಪ್ಪಿಸಬೇಕು: ಪುಟಪುಟದಲ್ಲಿಯೂ ಬಂದುಹೋಗುವ ಚೀನೀಯರ ಪಟ್ಟಿಯನ್ನು ಮಾಡಿ, ಅವರಲ್ಲಿ ಹೆಸರುಳ್ಳವರೆಷ್ಟು, ಮಾತನಾಡಿದವರೆಷ್ಟು, ಅಂಗಳದಾಚೆ ಅವರಿಗೊಂದು ಸ್ವಂತ ಬಾಳಿದೆಯೆಂದು ತೋರಿಸಿಕೊಟ್ಟ ಸ್ಥಳಗಳೆಷ್ಟು ಎಂಬುದನ್ನು ಗುರುತಿಸುವುದು. ಈ ಎಣಿಕೆಯಿಂದ ಸೇವೆಮಾಡಿದವರ ತ್ಯಾಗಕ್ಕೆ ಕುಂದು ಬರುವುದಿಲ್ಲ. ತಂದೆಯ ಎಣಿಕೆಯನ್ನು ಮಗಳು ತಿದ್ದಿದಂತೆ, ಮಗಳ ಎಣಿಕೆಯನ್ನು ತಿದ್ದುವುದು ಮುಂದಿನ ಓದುಗರ ಕರ್ತವ್ಯ. ವಾಂಗ್ ಆಮಾಳ ಕಥೆಯನ್ನೂ, ಆ ಗುಡಿಸಲಿನ ಒಡತಿಯ ಕಥೆಯನ್ನೂ ಸೇರಿಸಿಕೊಳ್ಳುವವರೆಗೆ ಈ ಕುಟುಂಬದ ಇತಿಹಾಸ ಪೂರ್ಣವಾಯಿತೆಂದು ನಾವು ಹೇಳಲಾರೆವು.