ಮರಗಳ ಜಮಾ, ಹುಲ್ಲಿನ ಶಿಲ್ಕು

ಗಿಡ ನೆಟ್ಟರೆ ಪುಣ್ಯವೆಂದು ಕೇಳುತ್ತಲೇ ಬೆಳೆದವರು ನಾವು. ಆ ಪುಣ್ಯಕ್ಕೆ ವಿಜ್ಞಾನದ ಮೊಹರು ಬಿದ್ದದ್ದು 2019ರ ಜುಲೈ ತಿಂಗಳಲ್ಲಿ. ಸ್ವಿಟ್ಸರ್ಲೆಂಡಿನ ಜೂರಿಕ್ ನಗರದ ವಿಜ್ಞಾನಿಗಳಾದ ಬಾಸ್ಟಿನ್, ಕ್ರೌದರ್ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಊರು, ಹೊಲ, ಈಗಿರುವ ಕಾಡು ಇವನ್ನು ಬಿಟ್ಟು ಭೂಮಿಯ ಮೇಲೆ ಇನ್ನೂ 90 ಕೋಟಿ ಹೆಕ್ಟೇರಿನಷ್ಟು ಮರದ ನೆರಳಿಗೆ ಸ್ಥಳವಿದೆ. ಅಲ್ಲಿ ಮರಗಳು ಬೆಳೆದು ನಿಂತರೆ 20,500 ಕೋಟಿ ಟನ್ ಇಂಗಾಲವನ್ನು ಹಿಡಿದಿಡಬಲ್ಲವು. ಹವಾಮಾನದ ಸಂಕಟಕ್ಕೆ ಇದಕ್ಕಿಂತ ಪರಿಣಾಮಕಾರಿ ಉಪಾಯ ಬೇರಿಲ್ಲ ಎಂಬುದು ಅದರ ಸಾರ. 2020ರ ಜನವರಿಯಲ್ಲಿ ದಾವೋಸ್‌ನಲ್ಲಿ ಸೇರಿದ ಸಿರಿವಂತರು ಒಂದು ಲಕ್ಷ ಕೋಟಿ ಮರಗಳ ಯೋಜನೆಯನ್ನು ಘೋಷಿಸಿಯೂ ಬಿಟ್ಟರು. ಈಗ ಊರಿಗೆ ಹೋಗಲು ವಿಮಾನದ ಟಿಕೆಟ್ ತೆಗೆಸುವಾಗಲೂ ‘ಒಂದು ಸಸಿಗೆ ಇಷ್ಟು ಕೊಟ್ಟು ನಿಶ್ಚಿಂತರಾಗಿ’ ಎನ್ನುವವರಿದ್ದಾರೆ. ಹಾಗಾಗಿ ಈ ಪ್ರಬಂಧವನ್ನು ನಾವೂ ಒಮ್ಮೆ ಓದಿ ತೂಗಿ ನೋಡುವುದು ಅಧಿಕಪ್ರಸಂಗವಾಗಲಾರದು.

ಮೊದಲು ಅದರ ಗುಣ ಹೇಳಬೇಕು. ರಕ್ಷಿತ ಪ್ರದೇಶಗಳ ಸುಮಾರು 78 ಸಾವಿರ ತಾಣಗಳ ಉಪಗ್ರಹ ಚಿತ್ರಗಳನ್ನು ನೋಡಿ, ಎಂಥ ಮಣ್ಣು, ಎಂಥ ಹವೆಯಲ್ಲಿ ಎಷ್ಟು ಮರ ನಿಲ್ಲುತ್ತದೆಂದು ಗುರುತಿಸಿ, ಅದರಿಂದ ಇಡೀ ಭೂಮಂಡಲಕ್ಕೆ ನಕ್ಷೆ ಬರೆದ ಪರಿಶ್ರಮ ಸಾಮಾನ್ಯವಾದುದಲ್ಲ. ದೋಷವಿರುವುದು ನಕ್ಷೆಯ ಮೇಲೆ ಮಾಡಿದ ಲೆಕ್ಕದಲ್ಲಿ. 20,500 ಕೋಟಿಯನ್ನು 90 ಕೋಟಿಯಿಂದ ಭಾಗಿಸಿದರೆ ಹೆಕ್ಟೇರಿಗೆ ಸುಮಾರು 228 ಟನ್ ಬರುತ್ತದೆ. ಇದೆಲ್ಲವೂ ಹೊಸ ಜಮೆಯೇ? ನಮ್ಮಂಥ ಗುಮಾಸ್ತರು ಖಾತೆ ಪುಸ್ತಕ ತೆರೆದರೆ ಮೊದಲು ನೋಡುವುದು ಆರಂಭದ ಶಿಲ್ಕನ್ನು. ಇಲ್ಲಿ ಮರವಿಲ್ಲದ ನೆಲದ ಶಿಲ್ಕು ಸೊನ್ನೆಯೆಂದೇ ಹಿಡಿದಿದ್ದಾರೆ. ಆದರೆ ಹುಲ್ಲುಗಾವಲಿನ ಸಂಪತ್ತು ಬೇರಿನಲ್ಲಿ, ಮಣ್ಣಿನಲ್ಲಿ. ನೂರಾರು ವರ್ಷ ಬೇರು ಸತ್ತು ಕೊಳೆತು ಸೇರಿದ ಇಂಗಾಲ ಅಲ್ಲಿ ಆಗಲೇ ಕೂತಿದೆ. ಮರ ಬಂದ ಮೇಲೆ ಅದನ್ನೂ ಮರದ ಹೆಸರಿಗೆ ಬರೆದುಕೊಂಡರೆ ಯಾವ ಲೆಕ್ಕಪರಿಶೋಧಕನೂ ಒಪ್ಪುವುದಿಲ್ಲ.

ಒಪ್ಪಲೂ ಇಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಪತ್ರಿಕೆಯಲ್ಲಿ ವೆಲ್ಡ್‌ಮನ್ ಮೊದಲಾದ ನಲವತ್ತಕ್ಕೂ ಹೆಚ್ಚು ವಿಜ್ಞಾನಿಗಳು ಈ ಅಂಕಿ ಐದು ಪಟ್ಟು ಹಿಗ್ಗಿದೆ ಎಂದು ಬರೆದರು. ಅವರ ಪೈಕಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ ಮತ್ತು ಮಹೇಶ್ ಶಂಕರನ್ ಅವರೂ ಇದ್ದರೆಂಬುದು ನಮಗೆ ಸಂತೋಷದ ಸಂಗತಿ. ಹಿಮದ ನಾಡಿನಲ್ಲಿ ಕಪ್ಪು ಮರಗಳು ಬಿಸಿಲನ್ನು ಹೀರಿ ನೆಲವನ್ನು ಇನ್ನಷ್ಟು ಕಾಯಿಸುತ್ತವೆಂಬ ಆಕ್ಷೇಪವೂ ಅದರಲ್ಲಿತ್ತು. ಆದರೆ ನನಗೆ ಮುಖ್ಯವೆಂದು ತೋರಿದ್ದು ಬೇರೆ. ಸಹಜವಾದ ಹುಲ್ಲುಗಾವಲನ್ನು ‘ಹಾಳಾದ ಕಾಡು’ ಎಂದು ಕರೆದು, ಅಲ್ಲಿ ಮರ ನೆಡುವುದಕ್ಕೆ ‘ಪುನರುದ್ಧಾರ’ ಎಂಬ ಹೆಸರು ಕೊಟ್ಟದ್ದು.

ಈ ಹೆಸರಿನಾಟ ಕನ್ನಡಿಗರಿಗೆ ಹೊಸದಲ್ಲ. ದನ ಮೇಯುವ ಗೋಮಾಳವನ್ನು ಬಂಜರೆಂದು ಬರೆದು ನೀಲಗಿರಿ ನೆಟ್ಟದ್ದನ್ನು ವಿರೋಧಿಸಿ 1987ರ ನವೆಂಬರ್‌ನಲ್ಲಿ ಕುಸನೂರಿನ ರೈತರು ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ಮಾಡಿದ್ದು ಧಾರವಾಡದ ಕಡೆಯ ಹಿರಿಯರಿಗೆ ನೆನಪಿರಬಹುದು. ಕಾಗದದ ಮೇಲೆ ಖಾಲಿಯಾಗಿ ಕಂಡ ನೆಲದಲ್ಲಿ ಜನರಿದ್ದರು, ದನಗಳಿದ್ದವು.

ಇನ್ನು ಬೆಂಕಿಯ ವಿಚಾರ. ನಕ್ಷೆ ತಯಾರಿಸಿದವರಿಗೆ ಬೆಂಕಿಯೆಂದರೆ ಮರಕ್ಕೆ ಬಂದ ವಿಘ್ನ ಮಾತ್ರ. ಆದರೆ ಬೆಂಕಿಯೊಡನೆಯೇ ಬಾಳುವ ಕಾಡುಗಳಿವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಿಗೆಯ ಮೊದಲಲ್ಲೇ ಒಣಗಿದ ಎಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ಅದನ್ನು ‘ತರಗು ಬೆಂಕಿ’ ಎನ್ನುತ್ತಾರೆ. 1974ರಲ್ಲಿ ಅಭಯಾರಣ್ಯವಾದ ಮೇಲೆ ಅದು ನಿಷಿದ್ಧವಾಯಿತು. ಈಗ ಅಲ್ಲಿ ಲಂಟಾನ ಆಳೆತ್ತರ ಹಬ್ಬಿದೆ. ನೆಲ್ಲಿಮರಗಳಿಗೆ ಬಂದಳಿಕೆ ಹತ್ತಿದ್ದೂ ಬೆಂಕಿ ನಿಂತದ್ದರಿಂದಲೇ ಎಂದು ಸೋಲಿಗರು ಹೇಳುತ್ತಾರೆ. ಕಾರಣ ಅದೊಂದೇ ಎಂದು ನಾನು ವಾದಿಸುವುದಿಲ್ಲ. ಆದರೆ ಒಣಗಿದ ಲಂಟಾನಕ್ಕೆ ಹತ್ತಿದ ಬೆಂಕಿ ತರಗು ಬೆಂಕಿಯಂತೆ ಕಾಲಡಿಯಲ್ಲಿ ಹರಿದು ಹೋಗದು, ಕೊಂಬೆಗೇ ಏರುತ್ತದೆ.

ಹುಲ್ಲು ಸುಟ್ಟರೆ ಮೇಲಿನದು ಮಾತ್ರ ಹೋಗುತ್ತದೆ. ಮೊದಲ ಮಳೆಗೆ ಬೇರು ಮತ್ತೆ ಚಿಗುರಿ ಅಷ್ಟನ್ನೂ ವಾಪಸು ಪಡೆಯುತ್ತದೆ. ಮರದ ಠೇವಣಿ ಬಹುಪಾಲು ನೆಲದ ಮೇಲೆಯೇ ಇರುತ್ತದೆ. 2023ರ ಬೇಸಿಗೆಯಲ್ಲಿ ಕೆನಡಾದ ಕಾಡುಗಳು ಹತ್ತಿ ಉರಿದಾಗ ಐದು ತಿಂಗಳಲ್ಲಿ 64 ಕೋಟಿ ಟನ್ನಿಗೂ ಹೆಚ್ಚು ಇಂಗಾಲ ಗಾಳಿಗೆ ಸೇರಿತು. ಕಲ್ಲಿದ್ದಲು, ಎಣ್ಣೆ, ಅನಿಲ ಉರಿಸಿ ಒಂದು ವರ್ಷದಲ್ಲಿ ಅದಕ್ಕಿಂತ ಹೆಚ್ಚು ಬಿಡುವ ದೇಶಗಳು ಮೂರೇ: ಚೀನ, ಅಮೆರಿಕ ಮತ್ತು ಭಾರತ. ಕಲ್ಲಿದ್ದಲು ನೆಲದೊಳಗೆ ಕೋಟ್ಯಂತರ ವರ್ಷ ಭದ್ರವಾಗಿದ್ದ ಗಂಟು. ಅದನ್ನು ಉರಿಸಿ, ಬದಲಿಗೆ ಸಸಿ ನೆಟ್ಟೆವೆಂದರೆ ಎರಡೂ ಒಂದೇ ಖಾತೆಗೆ ಹೇಗೆ ಸೇರೀತು?

2020ರಲ್ಲಿ ಲೇಖಕರು ತಿದ್ದುಪಡಿ ಪ್ರಕಟಿಸಿ, ‘ಅತ್ಯಂತ ಪರಿಣಾಮಕಾರಿ’ ಎಂದಿದ್ದುದನ್ನು ‘ಅಂಥವುಗಳಲ್ಲಿ ಒಂದು’ ಎಂದು ಇಳಿಸಿಕೊಂಡರು. ಇದು ಅವರ ದೊಡ್ಡತನ. 2023ರ ನವೆಂಬರ್‌ನಲ್ಲಿ ಕ್ರೌದರ್ ಮತ್ತು ಇನ್ನೂರಕ್ಕೂ ಹೆಚ್ಚು ಮಂದಿ ‘ನೇಚರ್’ ಪತ್ರಿಕೆಯಲ್ಲಿ ಮತ್ತೆ ಲೆಕ್ಕ ಹಾಕಿದರು. ಮೊತ್ತ ಹೆಚ್ಚುಕಡಿಮೆ ಅಷ್ಟೇ, 22,600 ಕೋಟಿ ಟನ್, ಬದಲಾದದ್ದು ಬಾಬತ್ತು. ಅದರಲ್ಲಿ ಶೇಕಡಾ 61 ಭಾಗ ಈಗಾಗಲೇ ಇರುವ ಕಾಡುಗಳನ್ನು ಕಡಿಯದೆ ಬಲಿಯಲು ಬಿಟ್ಟರೆ ಬರತಕ್ಕದ್ದು. ಅದಕ್ಕೆ ಸಸಿಯೂ ಬೇಡ, ಗುಂಡಿಯೂ ಬೇಡ. ವಿಮಾನದ ಟಿಕೆಟ್ಟಿನ ಜೊತೆ ಮಾರುತ್ತಿರುವುದು ಮಾತ್ರ ಈಗಲೂ ಸಸಿಯನ್ನೇ.